ಕೊನೆಯ ಗಂಡು ಮಂಗ

ಬೇಯಿಸದ ಶಾವಿಗೆಯ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಉರುಳಿಸಿ ನೋಡಿ. ಗಂಡು ಮಂಗದ ವೀರ್ಯನಾಳ ಕೈಗೆ ಸಿಕ್ಕಾಗ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದರ ಪಕ್ಕದಲ್ಲೇ ಓಡುವ ರಕ್ತನಾಳಗಳು ಮೆತ್ತಗೆ, ಒತ್ತಿದರೆ ಚಪ್ಪಟೆಯಾಗುತ್ತವೆ. ನಾಳ ಮಾತ್ರ ಗಟ್ಟಿ. ಚರ್ಮದ ಕೆಳಗೆ ಜಾರಿ ಜಾರಿ ತಪ್ಪಿಸಿಕೊಳ್ಳುತ್ತದೆ. ಪಶುವೈದ್ಯನಾಗಿ ಎಷ್ಟೋ ಹೋರಿಗಳ ಬೀಜ ಒಡೆದಿದ್ದೆ, ಬೀದಿನಾಯಿಗಳಿಗೆ ಆಪರೇಷನ್ ಮಾಡಿದ್ದೆ. ಆದರೂ ಈ ಎಳೆಯನ್ನು ಕಣ್ಣುಮುಚ್ಚಿ ಗುರುತಿಸುವಷ್ಟು ಬೆರಳು ಪಳಗಲು ನನಗೆ ಹಿಮಾಚಲದಲ್ಲಿ ಎರಡು ತಿಂಗಳು ಬೇಕಾಯಿತು.

ನಮ್ಮದು ಸಾಗರದ ಕಡೆ. ಅಡಿಕೆ ತೋಟದವರಿಗೆ ಮಂಗನ ಕಾಟ ಎಂತಹದು ಅಂತ ಹೇಳಬೇಕಾಗಿಲ್ಲ. ಎಳೆ ಅಡಿಕೆ ಕಿತ್ತು, ಒಂದು ಸಲ ಚೀಪಿ, ಬಿಸಾಡಿ ಮುಂದಿನ ಗೊನೆಗೆ ಹೋಗುತ್ತವೆ. ಬಾಳೆ, ಏಲಕ್ಕಿ ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಕವಣೆ ಕಲ್ಲು, ಗರ್ನಾಲು, ಡಬ್ಬ ಬಡಿಯುವುದು ಎಲ್ಲ ಆಗಿತ್ತು. 2019ರ ಹೊತ್ತಿಗೆ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಹೊರಗಿನವರು ನಕ್ಕರು. ನಮ್ಮೂರಲ್ಲಿ ಯಾರೂ ನಗಲಿಲ್ಲ, ಯಾವ ಬಣ್ಣ ಅಂತ ವಿಚಾರಿಸಿದರು.

ಮಂಗಗಳಿಗೆ ಸಂತಾನಹರಣ ಆಪರೇಷನ್ ಮಾಡಲು ಹಿಮಾಚಲಕ್ಕೆ ಹೋಗುತ್ತೇನೆ ಎಂದಾಗ ಚಿಕ್ಕಪ್ಪ ಎಲೆ ಅಡಿಕೆ ಜಗಿಯುತ್ತಾ ಕೇಳಿದ್ದು ಒಂದೇ ಪ್ರಶ್ನೆ. "ಗಂಡಿಗೋ ಹೆಣ್ಣಿಗೋ?"

"ಎರಡಕ್ಕೂ ಮಾಡ್ತಾರೆ ಚಿಕ್ಕಪ್ಪ. ನಂಗೆ ಗಂಡಿನ ವಿಭಾಗ ಕೊಟ್ಟಿದಾರೆ."

"ಎಂತ ಮಾರಾಯ, ಊರಿಗೆ ಒಂದು ಹೋರಿ ಸಾಕಾಗ್ತದಲ್ಲ. ನೀ ಹತ್ತು ಗಂಡಿಗೆ ಮಾಡಿ ಹನ್ನೊಂದನೇದು ಬಿಟ್ರೆ?"

ನಾನು ನಕ್ಕು ಸುಮ್ಮನಾದೆ. ಮೂರು ವರ್ಷ ಆ ಕೆಲಸ ಮಾಡಿದ ಮೇಲೆ, ಅಂದು ಅಡಿಕೆ ಜಗಿಯುತ್ತಾ ಅವರು ಹೇಳಿದ್ದೇ ಇಡೀ ವಿಷಯ ಅಂತ ಗೊತ್ತಾಯಿತು.

ಹಿಮಾಚಲದಲ್ಲಿ ಈ ಕಾರ್ಯಕ್ರಮ ಶುರುವಾದದ್ದು 2006-07ರಲ್ಲಿ. ಅಲ್ಲಿನದು ರೀಸಸ್ ಮಂಗ, ನಮ್ಮ ಮಂಗಕ್ಕಿಂತ ಬಾಲ ಗಿಡ್ಡ, ಹಿಂಭಾಗ ಕೆಂಪು. ಸೇಬು, ಮೆಕ್ಕೆಜೋಳ ಬೆಳೆಯುವವರ ಗೋಳು ನಮ್ಮ ಅಡಿಕೆಯವರದ್ದೇ. ಶಿಮ್ಲಾದ ಜಾಖೂ ದೇವಸ್ಥಾನಕ್ಕೆ ಹೋದವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಬೇಕು. ಇಲ್ಲಿಯವರೆಗೆ ಆ ರಾಜ್ಯ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಆಪರೇಷನ್ ಮಾಡಿದೆ. 2015ರ ಎಣಿಕೆಯಲ್ಲಿ ಸುಮಾರು 2 ಲಕ್ಷ ಇದ್ದ ಮಂಗಗಳು 2020ರ ಎಣಿಕೆಗೆ 1.36 ಲಕ್ಷದ ಆಸುಪಾಸಿಗೆ ಇಳಿದವು. ರೈತರನ್ನು ಕೇಳಿದರೆ ಕತೆ ಬೇರೆ. "ಕಾಗದದಲ್ಲಿ ಕಡಿಮೆಯಾಗಿದೆ, ನನ್ನ ತೋಟದಲ್ಲಿ ಆಗಿಲ್ಲ" ಎನ್ನುತ್ತಾರೆ. ಎರಡೂ ನಿಜವೇ ಇರಬಹುದು. ಉಳಿದ ಮಂಗಗಳು ತಿನ್ನಲು ಸಿಗುವ ಕಡೆಗೆ ಬರುತ್ತವೆ, ಅಲ್ವಾ?

ನಮ್ಮ ಕೇಂದ್ರದಲ್ಲಿ ದಿನ ಶುರುವಾಗುತ್ತಿದ್ದದ್ದು ಬೋನಿನ ಸದ್ದಿನಿಂದ. ಹಿಂದಿನ ದಿನ ಹಿಡಿದು ತಂದವಕ್ಕೆ ರಾತ್ರಿ ಊಟ ಕೊಡುತ್ತಿರಲಿಲ್ಲ. ಬೆಳಿಗ್ಗೆ ಒತ್ತುಬೋನಿನ ಗೋಡೆಯನ್ನು ಮೆಲ್ಲಗೆ ಎಳೆದು, ಮಂಗ ಅಲುಗಾಡದ ಹಾಗಾದಾಗ ತೊಡೆಗೆ ಕೆಟಮಿನ್, ಕ್ಸೈಲಜಿನ್ ಚುಚ್ಚುಮದ್ದು. ಐದು ನಿಮಿಷದಲ್ಲಿ ತಲೆ ವಾಲುತ್ತದೆ. ಕಣ್ಣು ಮಾತ್ರ ತೆರೆದೇ ಇರುತ್ತದೆ. ಕೆಟಮಿನ್ ಕೊಟ್ಟರೆ ಹಾಗೇ. ಮೊದಲ ವಾರವೆಲ್ಲ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಕಣ್ಣು ಒಣಗದ ಹಾಗೆ ಮುಲಾಮು ಹಚ್ಚಿ, ಮೇಲೊಂದು ಬಟ್ಟೆ ಹಾಕುತ್ತಿದ್ದೆವು. ಕಣ್ಣಿನ ರಕ್ಷಣೆಗೆ ಅಂತ ಬರೆದುಕೊಳ್ಳುತ್ತಿದ್ದೆವು, ಅರ್ಧ ನಮ್ಮ ಸಮಾಧಾನಕ್ಕೆ.

ಎರಡು ಜೊತೆ ಕೈಗವಸು, ಮುಖಕ್ಕೆ ಪ್ಲಾಸ್ಟಿಕ್ ಪರದೆ ಕಡ್ಡಾಯ. ಈ ಜಾತಿಯ ಮಂಗಗಳ ಜೊಲ್ಲಿನಲ್ಲಿ ಹರ್ಪಿಸ್-ಬಿ ವೈರಸ್ ಇರಬಹುದು. ಮಂಗಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ, ಮನುಷ್ಯನಿಗೆ ತಗುಲಿದರೆ ಮಿದುಳಿಗೇ ಏರುತ್ತದೆ. ಕ್ಷಯವೂ ಇರಬಹುದು. ಹಾಗಾಗಿ ಧೈರ್ಯ ತೋರಿಸುವವರಿಗೆ ಅಲ್ಲಿ ಬೆಲೆ ಇರಲಿಲ್ಲ.

ಆಪರೇಷನ್ ಅಂದರೆ ನಿಜಕ್ಕೂ ಹತ್ತು ನಿಮಿಷದ ಕೆಲಸ. ಕೂದಲು ಬೋಳಿಸಿ, ವೃಷಣಚೀಲದ ಸ್ವಲ್ಪ ಮೇಲೆ ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಗಾಯ. ಆ ಶಾವಿಗೆ ಎಳೆಯನ್ನು ಬೆರಳಿನಲ್ಲಿ ಹಿಡಿದು, ಹೊರಗೆ ಎಳೆದು, ಅದರ ಕೊಳವೆಯ ಒಳಗೋಡೆಯನ್ನು ಬಿಸಿ ತಂತಿಯ ತುದಿಯಿಂದ ಸುಡುವುದು. ಸಣ್ಣಗೆ ಕರಕಲು ವಾಸನೆ ಬರುತ್ತದೆ. ಆಮೇಲೆ ಇನ್ನೊಂದು ಬದಿ. ಹೊಲಿಗೆ ಒಂದು ಅಥವಾ ಅದೂ ಇಲ್ಲ, ಹೊರಗೆ ದಾರ ಕಂಡರೆ ಮಂಗ ಕೂತು ಬಿಚ್ಚುತ್ತದೆ. ಗುರುತಿಗೆ ಹಚ್ಚೆ. ಎಚ್ಚರವಾದ ಮೇಲೆ ಒಂದೆರಡು ದಿನ ನೋಡಿಕೊಂಡು, ಹಿಡಿದ ಜಾಗಕ್ಕೇ ವಾಪಸ್.

ಹಿಡಿದ ಜಾಗಕ್ಕೇ, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಮಂಗ ಹಿಡಿದು ರಾತ್ರೋರಾತ್ರಿ ಯಾವುದೋ ಘಾಟಿಯಲ್ಲಿ ಬಿಟ್ಟು ಬರುವ ಚಾಳಿ ಇದೆ. ಘಾಟಿಯ ಪಕ್ಕದಲ್ಲೂ ಒಂದು ಊರು ಇರುತ್ತದೆ ಅನ್ನುವುದು ಲಾರಿ ಮಾಡಿದವರಿಗೆ ನೆನಪಿರುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಎರಡನೇ ವರ್ಷ ಹಚ್ಚೆ ಇದ್ದ ಒಂದು ದೊಡ್ಡ ಗಂಡು ಮತ್ತೆ ಬೋನಿಗೆ ಬಿತ್ತು. ದಾಖಲೆ ನೋಡಿದರೆ ನಾನೇ ಮಾಡಿದ್ದು. ಹೇಗೂ ಸಿಕ್ಕಿದೆ, ಪರೀಕ್ಷೆ ಮಾಡೋಣ ಅಂದುಕೊಂಡೆವು. ಅರಿವಳಿಕೆ ಕೊಟ್ಟು, ಹೋರಿಗಳಿಗೆ ಮಾಡುವ ಹಾಗೆ ಸಣ್ಣ ವಿದ್ಯುತ್ ಪ್ರಚೋದನೆಯಿಂದ ವೀರ್ಯ ತೆಗೆದೆವು. ಮಂಗದ ವೀರ್ಯ ಹೊರಗೆ ಬಂದ ಕೂಡಲೇ ಗಿಣ್ಣಿನ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಅದರ ಸುತ್ತ ಜಿನುಗುವ ನೀರನ್ನು ತೆಗೆದು ಗಾಜಿಗೆ ಹಾಕಬೇಕು. ಹಾಕಿದೆ, ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಗಾಜಿನ ತುಂಬ ಜಾತ್ರೆ. ಗೊದಮೊಟ್ಟೆಗಳಂತೆ ಈಜುತ್ತಿದ್ದವು.

ಮತ್ತೆ ಬಿಚ್ಚಿ ನೋಡಿದಾಗ ಎಡಗಡೆ ಸರಿಯಾಗಿಯೇ ಸುಟ್ಟಿತ್ತು. ಬಲಗಡೆ ನಾನು ಸುಟ್ಟದ್ದು ಒಂದು ರಕ್ತನಾಳವನ್ನು. ದಿನಕ್ಕೆ ಮೂವತ್ತು ಮಾಡಬೇಕು ಅನ್ನುವ ಅವಸರ, ಸಂಜೆಯ ಚಳಿ, ಮರಗಟ್ಟಿದ ಬೆರಳು, ಇವೆಲ್ಲ ನೆಪಗಳು. ಅಂದಿನಿಂದ ಸುಡುವುದಷ್ಟೇ ಅಲ್ಲದೆ ಎರಡೂ ಕಡೆಯಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಇಡಿಸಿದೆ. ಅಡ್ಡಕ್ಕೆ ನೋಡಿದರೆ ನಡುವೆ ಸೂಜಿಮೊನೆಯಂತಹ ತೂತು, ಸುತ್ತ ದಪ್ಪ ಗೋಡೆ ಕಾಣಬೇಕು. ಸಹಾಯಕ ಹುಡುಗ "ದೋ" ಅಂತ ಕೂಗಿದ ಮೇಲೆಯೇ ಗಾಯ ಮುಚ್ಚುವುದು. ಪ್ರತಿ ಮಂಗಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯಿತು. ಮೇಲಿನವರು ಗೊಣಗಿದರು, ಗೊಣಗಲಿ.

ಇನ್ನೊಂದು ವಿಷಯವನ್ನೂ ಆ ಸೂಕ್ಷ್ಮದರ್ಶಕವೇ ಕಲಿಸಿತು. ಸರಿಯಾಗಿ ಮಾಡಿದ ಗಂಡೂ ಮಾರನೇ ದಿನವೇ ಖಾಲಿಯಾಗುವುದಿಲ್ಲ. ಸುಟ್ಟ ಜಾಗದಿಂದ ಮುಂದಕ್ಕೆ ಉಳಿದ ವೀರ್ಯಾಣುಗಳು ಕೆಲವು ವಾರ ಬರುತ್ತಲೇ ಇರುತ್ತವೆ. ರೀಸಸ್ ಮಂಗ ಮುಖ್ಯವಾಗಿ ಕೂಡುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನವೆಂಬರ್‌ನಲ್ಲಿ ಗಂಡಿಗೆ ಆಪರೇಷನ್ ಮಾಡಿ ಬಿಟ್ಟರೆ ಆ ವರ್ಷದ ಮಟ್ಟಿಗೆ ನೀರಲ್ಲಿ ಹೋಮ. ಆಗಸ್ಟ್ ಮುಗಿಯುವುದರೊಳಗೆ ಮುಗಿಸಬೇಕು. ಆದರೆ ಆಗಸ್ಟ್‌ನಲ್ಲಿ ಮಳೆ, ಕಾಡಲ್ಲಿ ಬೇಕಾದಷ್ಟು ಹಣ್ಣು. ಬೋನಿನ ಕಡಲೆಗೆ ಯಾರು ಬರುತ್ತಾರೆ?

ಅಲ್ಲಿಗೆ ಚಿಕ್ಕಪ್ಪನ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಮಂಗಗಳ ಹಿಂಡಿನಲ್ಲಿ ಯಜಮಾನ ಗಂಡು ಒಂದಿರುತ್ತದೆ, ಮರಿಗಳೆಲ್ಲ ಅದರವೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿದ್ದಿದ್ದರೆ ನನ್ನ ಕೆಲಸ ಎಷ್ಟು ಸುಲಭ ಆಗುತ್ತಿತ್ತು! ಒಂದು ಹಿಂಡಿನಲ್ಲಿ ಐದಾರು ದೊಡ್ಡ ಗಂಡುಗಳಿರುತ್ತವೆ. ಬೆದೆಗೆ ಬಂದ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡಿನ ಜೊತೆ ಕೂಡುತ್ತದೆ. ಯಜಮಾನನ ಕಣ್ಣು ತಪ್ಪಿಸಿ ಪೊದೆ ಹಿಂದೆ ಹೋಗಿಬರುವ ಹರೆಯದ ಗಂಡುಗಳಿವೆ. ಪಕ್ಕದ ಹಿಂಡಿನಿಂದ ಆ ಎರಡು ಮೂರು ತಿಂಗಳಿಗೆ ಅಂತಲೇ ಬರುವ ನೆಂಟರಿದ್ದಾರೆ. ಆರರಲ್ಲಿ ಐದಕ್ಕೆ ಆಪರೇಷನ್ ಆದರೂ ಹೆಣ್ಣು ಬಸುರಾಗುವುದು ನಿಲ್ಲುವುದಿಲ್ಲ. ಆಪರೇಷನ್ ಆದ ಗಂಡು ಕೂಡಿ ಗರ್ಭ ನಿಲ್ಲದಿದ್ದರೆ, ಸುಮಾರು 28 ದಿನಕ್ಕೆ ಅದೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಅಂದರೆ ಆರನೆಯ ಗಂಡಿಗೆ ನಾನೇ ಇನ್ನೊಂದು ಅವಕಾಶ ಕೊಟ್ಟ ಹಾಗೆ.

ಹೆಣ್ಣಿನ ಲೆಕ್ಕ ಬೇರೆ. ಒಂದು ಹೆಣ್ಣಿಗೆ ಆದರೆ ಅದರ ಮುಂದಿನ ಮರಿಗಳು ಅಲ್ಲಿಗೆ ನಿಂತವು. ಅರ್ಧ ಹೆಣ್ಣುಗಳಿಗೆ ಆದರೆ ಅರ್ಧ ಫಲ. ಗಂಡಿನಲ್ಲಿ ಅರ್ಧ ಮಾಡಿದರೆ ಫಲ ಸೊನ್ನೆಗೆ ಹತ್ತಿರ. ನನ್ನ ವಿಭಾಗವನ್ನೇ ನಾನು ಹಳಿದುಕೊಂಡ ಹಾಗಾಯಿತು. ಆದರೆ ಮೂರು ವರ್ಷ ಸುಟ್ಟ ಮೇಲೆ ಇಷ್ಟಾದರೂ ಹೇಳದಿದ್ದರೆ ಹೇಗೆ?

ಹಿಡಿಯುವವರಿಗೆ ಕೊಡುತ್ತಿದ್ದ ದುಡ್ಡಿನಲ್ಲೂ ಈ ಬುದ್ಧಿ ಆಮೇಲೆ ಬಂತು. ಮೊದಲು ಮಂಗವೊಂದಕ್ಕೆ 500 ರೂಪಾಯಿ ಇತ್ತು, ಆಮೇಲೆ 700 ಆಯಿತು. ಒಂದು ಹಿಂಡಿನ ಶೇಕಡಾ 80ಕ್ಕಿಂತ ಜಾಸ್ತಿ ಹಿಡಿದರೆ ಒಂದೊಂದಕ್ಕೆ 1,000. ತಲೆ ಎಣಿಸಿ ಕೊಟ್ಟರೆ ಹಿಡಿಯುವವನು ಸುಲಭಕ್ಕೆ ಸಿಗುವುದನ್ನು ಹಿಡಿದು ಮುಂದಿನ ಊರಿಗೆ ಹೋಗುತ್ತಾನೆ, ಅವನದ್ದೇನೂ ತಪ್ಪಿಲ್ಲ. ಬೋನಿಗೆ ಮೊದಲು ಬೀಳುವುದು ಹೊಟ್ಟೆಬಾಕ ದೊಡ್ಡ ಗಂಡು. ಕೊನೆಯವರೆಗೂ ದೂರ ಕೂತು ನೋಡುವುದು ಅಂಚಿನಲ್ಲಿ ಓಡಾಡುವ ಹರೆಯದ ಗಂಡು. ನಮಗೆ ಬೇಕಾದದ್ದು ಅದೇ. ನಮ್ಮ ತಂಡದಲ್ಲಿ ಮಂಗ ಹಿಡಿಯುವ ಒಬ್ಬ ಮುದುಕ ಇದ್ದ. ಬೋನಿನ ಬಾಗಿಲನ್ನು ನಾಲ್ಕು ದಿನ ಕಟ್ಟಿ ತೆರೆದೇ ಇಡುತ್ತಿದ್ದ. ಬಂದು ತಿಂದು ಹೋಗಲಿ ಅಂತ. ಐದನೇ ದಿನ ಬೀಡಿ ಸೇದುತ್ತಾ ದೂರದಿಂದ ಹಗ್ಗ ಎಳೆಯುತ್ತಿದ್ದ. ಒಂದು ಸಲಕ್ಕೆ ಇಪ್ಪತ್ತು! ನಾವು ನಾಲ್ಕು ವೈದ್ಯರು ಸೇರಿ ಮಾಡಿದ ಕೆಲಸಕ್ಕಿಂತ ಅವನ ಆ ನಾಲ್ಕು ದಿನದ ತಾಳ್ಮೆ ದೊಡ್ಡದು.

ಬೀಜವನ್ನೇ ತೆಗೆದುಬಿಟ್ಟರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ತೆಗೆದರೆ ಗಂಡು ಹಾರ್ಮೋನು ಹೋಗುತ್ತದೆ, ಜೊತೆಗೆ ಹಿಂಡಿನಲ್ಲಿ ಅದಕ್ಕಿದ್ದ ಗತ್ತು ಹೋಗುತ್ತದೆ. ಆ ಜಾಗಕ್ಕೆ ಹೊಸ ಗಂಡು ನುಗ್ಗುತ್ತದೆ, ಅದು ಪೂರ್ತಿ ಫಲವಂತ. ನಾಳ ಮಾತ್ರ ಮುಚ್ಚಿದರೆ ಗಂಡು ಮೊದಲಿನಂತೆಯೇ ಗುರ್ ಎನ್ನುತ್ತದೆ, ಜಾಗ ಕಾಯುತ್ತದೆ, ಹೊರಗಿನವನನ್ನು ಅಟ್ಟುತ್ತದೆ. ಗಂಡಿನ ಆಪರೇಷನ್‌ಗೆ ಇರುವ ನಿಜವಾದ ಲಾಭ ಇದು ಅನ್ನಿಸುತ್ತದೆ ನನಗೆ.

ಚಾಕು ಇಲ್ಲದ ದಾರಿಯ ಬಗ್ಗೆ ನನಗೆ ಮೊದಲಿಂದಲೂ ಕುತೂಹಲ. ಹೆಬ್ಬಾಳದಲ್ಲಿ ಓದುವಾಗಲೇ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಮಂಗಗಳ ಕತೆ ಕೇಳುತ್ತಿದ್ದೆವು. ಅಲ್ಲಿ ಎನ್. ಆರ್. ಮೌದ್ಗಲ್ ಅವರು ಹಾರ್ಮೋನಿನ ವಿರುದ್ಧ ಲಸಿಕೆ ಕೊಟ್ಟು ಗಂಡು ಮಂಗಗಳ ಫಲವಂತಿಕೆ ನಿಲ್ಲಿಸುವ ಪ್ರಯತ್ನ ಮಾಡಿದ್ದರು. ಆಮೇಲೆ 2004ರಲ್ಲಿ ಅದೇ ಸಂಸ್ಥೆ ಅಮೆರಿಕದ ಮೈಕೆಲ್ ಓರ‍್ಯಾಂಡ್ ಅವರ ಜೊತೆ ಸೇರಿ ಮಾಡಿದ ಕೆಲಸ ಜಗತ್ತಿಗೆಲ್ಲ ಸುದ್ದಿಯಾಯಿತು. ವೀರ್ಯಾಣುವಿನ ಮೈಮೇಲಿರುವ ಎಪ್ಪಿನ್ ಎಂಬ ಪ್ರೋಟೀನಿನ ವಿರುದ್ಧ ಲಸಿಕೆ. ಪ್ರತಿಕಾಯ ಚೆನ್ನಾಗಿ ಬೆಳೆದ 9 ಗಂಡುಗಳಲ್ಲಿ 7 ಬಂಜೆಯಾದವು, ಲಸಿಕೆ ನಿಲ್ಲಿಸಿದ ಮೇಲೆ ಆ 7ರಲ್ಲಿ 5 ಮತ್ತೆ ಮೊದಲಿನಂತಾದವು. ಆ ಮಂಗಗಳು ನಮ್ಮ ತೋಟಕ್ಕೆ ಬರುವ ಜಾತಿಯವೇ ಅಂತ ತಿಳಿದಾಗ ನನಗೆ ಏನೋ ಹೆಮ್ಮೆ. ಐಐಟಿಯ ಸುಜೋಯ್ ಗುಹಾ ಅವರ ರೈಸಗ್ ಇನ್ನೊಂದು ದಾರಿ, ನಾಳದೊಳಗೆ ಜೆಲ್ ಚುಚ್ಚುವುದು. ಅದನ್ನು ರಾಜಸ್ಥಾನದಲ್ಲಿ ಮುಸುವಗಳ ಮೇಲೆ ಪ್ರಯೋಗಿಸಿ, ಮತ್ತೆ ನಾಳ ತೆರೆಸಿ ತೋರಿಸಿದ್ದಾರೆ. ಅದೇ ಬಗೆಯ ಇನ್ನೊಂದು ಜೆಲ್ಲನ್ನು ಕ್ಯಾಲಿಫೋರ್ನಿಯಾದಲ್ಲಿ 16 ರೀಸಸ್ ಗಂಡುಗಳಿಗೆ ಹಾಕಿದರು, 2017ರಲ್ಲಿ ಫಲಿತಾಂಶ ಬಂತು. ಅವುಗಳ ಜೊತೆಗಿದ್ದ ಒಂದು ಹೆಣ್ಣೂ ಬಸುರಾಗಲಿಲ್ಲ.

ಇವೆಲ್ಲ ಮನುಷ್ಯನಿಗಾಗಿ ಹೊರಟ ಕೆಲಸ, ಮಂಗ ನಡುವಿನ ಮೆಟ್ಟಿಲು. ಎಪ್ಪಿನ್ ಲಸಿಕೆಯನ್ನು ಪದೇ ಪದೇ ಕೊಡಬೇಕು. ಪಂಜರದ ಮಂಗಕ್ಕೆ ಸರಿ. ಒಂದು ಸಲ ಬೋನಿಗೆ ಬಿದ್ದು ಬುದ್ಧಿ ಕಲಿತ ಕಾಡು ಮಂಗವನ್ನು ಎರಡನೇ ಸಲ ಹಿಡಿದು ತೋರಿಸಿ ನೋಡೋಣ! ಜೆಲ್ ಹಾಕಬೇಕಾದರೂ ಅದೇ ಅರಿವಳಿಕೆ, ಅದೇ ಗಾಯ, ಅದೇ ಶಾವಿಗೆ ಎಳೆ. ಹಾಗಿದ್ದ ಮೇಲೆ ಸುಡುವುದೇ ವಾಸಿ ಅನ್ನುತ್ತಿದ್ದೆ ನಾನು.

ಊರಿಗೆ ಬಂದ ಮೇಲೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ. ನಮ್ಮ ಮಂಗ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಜೊತೆಗಾರರು ದಶಕಗಳ ಕಾಲ ರಸ್ತೆಬದಿಯ ಹಿಂಡುಗಳನ್ನು ಎಣಿಸಿ, ಅವು ತುಂಬಾ ಕಡಿಮೆಯಾಗಿವೆ ಎಂದು ತೋರಿಸಿದ್ದಾರೆ. ಸಾಲುಮರ ಕಡಿದ ಕಡೆ ಹಿಂಡೇ ಇಲ್ಲ. ನಮ್ಮ ತೋಟದಲ್ಲಿ ಜಾಸ್ತಿ, ಒಟ್ಟಾರೆ ಕಡಿಮೆ. ಹಾಗಾದರೆ ವಾಪಸ್ ತಿರುಗಿಸಬಹುದಾದ ಜೆಲ್‌ಗೆ ಇಲ್ಲಿ ಅರ್ಥ ಇದೆಯೇನೋ. ನಮ್ಮ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡದ್ದು ಇನ್ನೂ ಬಿಟ್ಟಿಲ್ಲ. ಬೇಸಿಗೆಯಲ್ಲಿ ಇಲ್ಲಿ ಮಂಗ ಮುಟ್ಟುವವರು ಮೊದಲು ಮೈಗೆ ಉಣುಗು ದೂರ ಇಡುವ ಡೆಪಾ ಎಣ್ಣೆ ಹಚ್ಚಿ, ಆಮೇಲೂ ಉಣುಗು ಹತ್ತಿದೆಯಾ ನೋಡಿಕೊಳ್ಳಬೇಕು.

ಹಾಗಾಗಿ ಸದ್ಯ ನಾನು ಮಾಡುತ್ತಿರುವುದು ಎಣಿಸುವ ಕೆಲಸ ಮಾತ್ರ. ಬೆಳಿಗ್ಗೆ ಆರೂವರೆಗೆ ನಾನು, ಚಿಕ್ಕಪ್ಪ ತೋಟದ ದರೆಯ ಮೇಲೆ ಕೂರುತ್ತೇವೆ. ನನ್ನ ಕೈಯಲ್ಲಿ ನೋಟ್‌ಬುಕ್ಕು, ಅವರ ಕೈಯಲ್ಲಿ ಚಾ ಲೋಟ. ನಮ್ಮ ಮಂಗಗಳಲ್ಲಿ ಗಂಡುಗಳು ಒಂದಕ್ಕೊಂದು ಅಂಟಿಕೊಂಡು ಕೂತು ಹೇನು ಹೆಕ್ಕುತ್ತವೆ, ಎಣಿಸುವುದು ಸುಲಭ. ಹಿಂದಿನ ವಾರ ಐದು ದಿನ ಸತತವಾಗಿ ಎಣಿಸಿ ಆರು ಗಂಡು ಅಂತ ಬರೆದು ಕೆಳಗೆ ಗೆರೆ ಎಳೆದೆ.

"ಏಳು," ಅಂದರು ಚಿಕ್ಕಪ್ಪ.

"ಎಲ್ಲಿ?"

ಲೋಟ ಹಿಡಿದ ಕೈಯಲ್ಲೇ ಹಳ್ಳದ ಆಚೆ ತೋರಿಸಿದರು. ಪಕ್ಕದವರ ಬೈನೆ ಮರದ ಸಂದಿಯಲ್ಲಿ, ಬಾಲ ಇಳಿಬಿಟ್ಟುಕೊಂಡು ಒಂದು ಕೂತಿತ್ತು.