ಲ್ಯುಕೇಮಿಯಾ ಫ್ಲೋ ಪ್ಯಾನೆಲ್ ಓದುವುದು ಹೇಗೆ

ಫ್ಲೋ ಪ್ಯಾನೆಲ್ ಅಂದರೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಯಾವ ಬಗೆಯದು ಅಂತ ಗುರುತಿಸಲು ಒಟ್ಟಿಗೆ ಬಳಸುವ ಆ್ಯಂಟಿಬಾಡಿಗಳ ಗುಂಪು. ಟ್ಯೂಬ್‌ಗೆ ಆ್ಯಂಟಿಬಾಡಿ ಹಾಕುವ ಮೊದಲು ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಹರಡಿದ ಸ್ಯಾಂಪಲ್) ನೋಡಿ. ಎಷ್ಟು ಬ್ಲಾಸ್ಟ್ (ಎಳೆಯ ರಕ್ತಕೋಶ) ಇವೆ, ಹೇಗೆ ಕಾಣುತ್ತವೆ ಅಂತ ತಿಳಿಯದೆ ಸುಮ್ನೆ ಮೆಷಿನ್ ಮುಂದೆ ಕೂತರೆ ದಾರಿ ತಪ್ಪುತ್ತದೆ. ಬೋನ್ ಮ್ಯಾರೋ (ಮೂಳೆ ಮಜ್ಜೆ) ಆದರೆ ಮೊದಲು ಎಳೆದ ಸ್ಯಾಂಪಲ್ ಕೇಳಿ, ಆಮೇಲೆ ಎಳೆದದ್ದರಲ್ಲಿ ರಕ್ತ ಬೆರೆತಿರುತ್ತದೆ.

ಮೊನೊಕ್ಲೋನಲ್ ಆ್ಯಂಟಿಬಾಡಿ ಒಂದು ಪ್ರೋಟೀನಿನ ಒಂದೇ ಜಾಗಕ್ಕೆ ಅಂಟುತ್ತದೆ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಇದನ್ನು ತಯಾರಿಸುವ ದಾರಿ ತೋರಿಸಿದರು. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ ಯಾವ ಕೋಶದಲ್ಲಿ ಏನಿದೆ ಅಂತ ಫ್ಲೋ ಸೈಟೋಮೀಟರ್ ಎಣಿಸಿಕೊಡುತ್ತದೆ.

ಮೊದಲು ಸಿಡಿ45 ಮತ್ತು ಸೈಡ್ ಸ್ಕ್ಯಾಟರ್ ಪ್ಲಾಟ್ ತೆಗೆಯಿರಿ. ಸಿಡಿ ಸಂಖ್ಯೆ ಅಂದರೆ ಕೋಶದ ಒಂದೊಂದು ಪ್ರೋಟೀನ್ ಗುರುತಿನ (ಮಾರ್ಕರ್) ಹೆಸರು, ಸೈಡ್ ಸ್ಕ್ಯಾಟರ್ ಅಂದರೆ ಕೋಶದಿಂದ ಪಕ್ಕಕ್ಕೆ ಚದುರುವ ಬೆಳಕು. ಸಿಡಿ45 ಮಂಕಾಗಿ, ಸ್ಕ್ಯಾಟರ್ ಕಡಿಮೆ ಇರುವ ಗುಂಪಿನಲ್ಲಿ ಸಾಮಾನ್ಯವಾಗಿ ಬ್ಲಾಸ್ಟ್‌ಗಳು ಸಿಗುತ್ತವೆ. ಕೆಲವು ಬಿ-ಎಎಲ್‌ಎಲ್‌ನಲ್ಲಿ (ಬಿ ಲಿಂಫೋಸೈಟ್ ವಂಶದ ತೀವ್ರ ಲ್ಯುಕೇಮಿಯಾ) ಸಿಡಿ45 ಇರುವುದೇ ಇಲ್ಲ, ಆ ಮೂಲೆಯನ್ನೂ ನೋಡಿ. ಕೋಶ ಎಳೆಯದು ಅನ್ನುವುದಕ್ಕೆ ಗುರುತು ಸಿಡಿ34, ಟಿಡಿಟಿ. ಆಮೇಲೆ ವಂಶ, ಅಂದರೆ ಕೋಶ ಯಾವ ಬಗೆಯದು ಅಂತ ನೋಡಿ: ಬಿ ಆದರೆ ಸಿಡಿ19 ಜೊತೆಗೆ ಸಿಡಿ22, ಸಿಡಿ79ಎ, ಮೈಲಾಯ್ಡ್ ಆದರೆ ಎಂಪಿಒ, ಸಿಡಿ13, ಸಿಡಿ33, ಸಿಡಿ117. ಟಿ-ಎಎಲ್‌ಎಲ್‌ನಲ್ಲಿ ಸಿಡಿ3 ಎಷ್ಟೋ ಸಲ ಕೋಶದ ಹೊರಗೆ ಕಾಣುವುದಿಲ್ಲ, ಒಳಗಿರುತ್ತದೆ. ಪೊರೆಗೆ ತೂತು ಮಾಡಿ ಒಳಗೂ ಬಣ್ಣ ಹಾಕಲೇಬೇಕು.

ಒಂದೇ ಮಾರ್ಕರ್ ನಂಬಿ ಹೆಸರು ಬರೆಯಬೇಡಿ. ಸಿಡಿ10, ಸಿಡಿ19 ಎರಡೂ ಪಾಸಿಟಿವ್ ಇದ್ದರೂ ಅದು ಲ್ಯುಕೇಮಿಯಾ ಅಲ್ಲದಿರಬಹುದು, ಯಾಕಂದ್ರೆ ಮಕ್ಕಳ ಮಜ್ಜೆಯಲ್ಲಿ, ಅದರಲ್ಲೂ ಕೀಮೋ ಮುಗಿದು ಮಜ್ಜೆ ಚೇತರಿಸಿಕೊಳ್ಳುವಾಗ, ಹೆಮಟೋಗೋನ್ ಅನ್ನುವ ಆರೋಗ್ಯವಂತ ಎಳೆ ಕೋಶಗಳೂ ಹೀಗೇ ಕಾಣುತ್ತವೆ. ಅವು ಬೆಳೆಯುತ್ತಾ ಹೋದಂತೆ ಸಿಡಿ20 ಮೆಲ್ಲಗೆ ಏರುತ್ತದೆ, ಪ್ಲಾಟ್‌ನಲ್ಲಿ ಉದ್ದಕ್ಕೆ ಹರಡುತ್ತವೆ. ಲ್ಯುಕೇಮಿಯಾ ಕೋಶಗಳು ಹೆಚ್ಚಾಗಿ ಒಂದೇ ಕಡೆ ಗುಂಪುಗಟ್ಟಿರುತ್ತವೆ.

ನನಗೆ ಜಾಸ್ತಿ ಭಯ ಎಪಿಎಲ್ ಬಗ್ಗೆ. ಇದು ಎಎಂಎಲ್‌ನ, ಅಂದರೆ ಮೈಲಾಯ್ಡ್ ವಂಶದ ತೀವ್ರ ಲ್ಯುಕೇಮಿಯಾದ, ಒಂದು ಬಗೆ. ಇದರಲ್ಲಿ ಸಿಡಿ34 ಮತ್ತು ಎಚ್‌ಎಲ್‌ಎ-ಡಿಆರ್ ಸಾಮಾನ್ಯವಾಗಿ ನೆಗೆಟಿವ್, ಸಿಡಿ33 ಚೆನ್ನಾಗಿ ಹೊಳೆಯುತ್ತದೆ, ಕಣಗಳು ತುಂಬಿರುವುದರಿಂದ ಸೈಡ್ ಸ್ಕ್ಯಾಟರ್ ಏರಿ ಕೋಶಗಳು ಬ್ಲಾಸ್ಟ್ ಗೇಟ್‌ನಿಂದ (ಬ್ಲಾಸ್ಟ್‌ಗಳಿಗಾಗಿ ಪ್ಲಾಟ್ ಮೇಲೆ ಎಳೆದ ಗೆರೆ) ಹೊರಗೇ ಬೀಳುತ್ತವೆ. ಗೇಟ್ ಒಳಗಷ್ಟೇ ನೋಡಿದವರು ಬ್ಲಾಸ್ಟ್ ಇಲ್ಲ ಅಂತ ಬರೆದುಬಿಡಬಹುದು, ಅಲ್ವಾ? ಈ ಕಾಯಿಲೆಯಲ್ಲಿ ರಕ್ತಸ್ರಾವ ಬೇಗ ಜೀವ ತೆಗೆಯುತ್ತದೆ. ಅನುಮಾನ ಬಂದ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ. ಎಪಿಎಲ್ ಖಚಿತಪಡಿಸುವ ಪಿಎಂಎಲ್-ಆರ್‌ಎಆರ್‌ಎ ಜೀನ್ ಟೆಸ್ಟ್ ಬರುವ ಮುಂಚೆಯೇ ಅವರು ಎಟಿಆರ್‌ಎ ಅನ್ನುವ ಔಷಧಿ ಶುರು ಮಾಡುತ್ತಾರೆ.

ಎಎಂಎಲ್‌ನಲ್ಲಿ ಟಿ ಗುರುತಾದ ಸಿಡಿ7 ಅಥವಾ ಬಿ ಗುರುತಾದ ಸಿಡಿ19 ಕಂಡರೆ ಗಾಬರಿ ಬೇಡ, ಅಷ್ಟಕ್ಕೇ ಅದು ಮಿಶ್ರ ವಂಶದ್ದಾಗುವುದಿಲ್ಲ. ಅಂಥ ವಿಚಿತ್ರ ಗುರುತನ್ನು ಮೊದಲ ರಿಪೋರ್ಟ್‌ನಲ್ಲೇ ಬರೆದಿಡಿ. ಚಿಕಿತ್ಸೆಯ ನಂತರ 10,000 ಕೋಶಗಳಲ್ಲಿ ಉಳಿದ ಒಂದು ಲ್ಯುಕೇಮಿಯಾ ಕೋಶವನ್ನು ಹುಡುಕುವಾಗ ನಿಮಗೆ ದಾರಿ ತೋರಿಸುವುದು ಅದೇ.