ವೈರ್‌ಲೆಸ್ ಮೈಕಿನ ರೀಚಾರ್ಜ್ ಸೆಲ್: ಜೋಡಿ ಬಿಡಿಸಬೇಡಿ

ಯಕ್ಷಗಾನಕ್ಕೆ, ಮನೆ ರೆಕಾರ್ಡಿಂಗ್‌ಗೆ ವೈರ್‌ಲೆಸ್ ಮೈಕ್ ಬಳಸುವವರಿಗೆ ಒಂದು ಸಲಹೆ. ಒಟ್ಟಿಗೆ ಕೊಂಡ ಎರಡು ರೀಚಾರ್ಜ್ ಸೆಲ್‌ಗಳ ಮೇಲೆ ಮಾರ್ಕರ್‌ನಿಂದ ಒಂದೇ ನಂಬರ್ ಬರೆಯಿರಿ. ಮೈಕಿಗೆ ಹಾಕುವಾಗಲೂ ಚಾರ್ಜ್ ಮಾಡುವಾಗಲೂ ಆ ಜೋಡಿ ಬಿಡಿಸಬೇಡಿ. ಹಳೆಯದೂ ಹೊಸದೂ ಬೆರೆತರೆ ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ. ಇನ್ನೊಂದು ಅದರ ಮೂಲಕವೇ ಕರೆಂಟ್ ತಳ್ಳುತ್ತಾ ಅದನ್ನು ಪೂರ್ತಿ ಹಾಳು ಮಾಡುತ್ತದೆ. ಹೆಸರಿನ ಚೀಟಿ ಅಂಟಿಸಬೇಡಿ, ಸೆಲ್ ದಪ್ಪವಾಗಿ ಮೈಕ್ ಪ್ಯಾಕಿನೊಳಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಮೈಕಿನ ಮೆನುವಿನಲ್ಲಿ ಬ್ಯಾಟರಿ ಬಗೆ ಆರಿಸಲು ಬಂದರೆ 'ನಿಕಲ್ ಮೆಟಲ್ ಹೈಡ್ರೈಡ್' (ಸಾಮಾನ್ಯ ರೀಚಾರ್ಜ್ ಸೆಲ್‌ನ ಬಗೆ, NiMH) ಆರಿಸಿ. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಮೆಲ್ಲಗೆ ಇಳಿಯುತ್ತದೆ, ಈ ರೀಚಾರ್ಜ್ ಸೆಲ್ ಹೆಚ್ಚು ಹೊತ್ತು 1.2 ವೋಲ್ಟ್ ಆಸುಪಾಸಿನಲ್ಲೇ ನಿಂತು ಕೊನೆಗೆ ದಿಢೀರ್ ಬೀಳುತ್ತದೆ. ಮೆನು ಬದಲಿಸದಿದ್ದರೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಗೆರೆಗಳು ಸುಳ್ಳು ಹೇಳುತ್ತವೆ. ಆ ಮೆನುವೇ ಇಲ್ಲದ ಹಳೆಯ ಸೆಟ್‌ನಲ್ಲಿ ಗೆರೆ ನಂಬಬೇಡಿ, ಗಡಿಯಾರ ನೋಡಿ, ಪ್ರಸಂಗದ ನಡುವೆ ವೇಷ ಬದಲಾಗುವ ಬಿಡುವಿನಲ್ಲಿ ಜೋಡಿ ಬದಲಿಸಿ. 1.5 ವೋಲ್ಟ್ ಲಿಥಿಯಂ ರೀಚಾರ್ಜ್ ಸೆಲ್ ಮಾತ್ರ ಮೊದಲು ಮನೆಯಲ್ಲೇ ಪರೀಕ್ಷಿಸಿ. ಒಳಗೊಂದು ಪುಟ್ಟ ಸರ್ಕ್ಯೂಟ್ ಇರುತ್ತದೆ, ಕೆಲವು ಮೈಕಿನಲ್ಲಿ ಅದೇ ಕಿರಿಕಿರಿ ಸದ್ದು ತರಬಹುದು. ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅಲ್ವಾ? ಹಾಗಾಗಿ ಬಳಸದಿದ್ದರೂ ತಿಂಗಳುಗಟ್ಟಲೆ ಚಾರ್ಜ್ ಉಳಿಸಿಕೊಳ್ಳುವ ಬಗೆಯನ್ನೇ ಕೊಳ್ಳಿ. ಕರೆಂಟ್ ಇದ್ದಾಗಲೇ ತುಂಬಿಸಿ, ಮುಚ್ಚಳದ ಡಬ್ಬಿಯಲ್ಲಿ ಇಡಿ. ಬೀಗದ ಕೈ ಇರುವ ಜೇಬಿಗೆ ಸುಮ್ನೆ ಹಾಕಿಕೊಳ್ಳಬೇಡಿ, ಶಾರ್ಟ್ ಆಗಿ ಕೈ ಸುಡುವಷ್ಟು ಬಿಸಿಯಾಗುತ್ತದೆ.