ದಣಿದ ಕಣ್ಣಿಗೆ ಸಿಬಾಯ್: ಬೆರಳು ಎಲ್ಲಿಡಬೇಕು, ಎಲ್ಲಿಡಬಾರದು

ಚೀನೀ ಸಾಂಪ್ರದಾಯಿಕ ವೈದ್ಯದಲ್ಲಿ ಕಣ್ಣಿನ ದಣಿವಿಗೆ ಒತ್ತುವ ಬಿಂದುಗಳಲ್ಲಿ ಮನೆಯಲ್ಲೇ ಕಲಿಯಲು ಯೋಗ್ಯವಾದದ್ದು ಸಿಬಾಯ್. ‘ಸಿ’ ಎಂದರೆ ನಾಲ್ಕು, ‘ಬಾಯ್’ ಎಂದರೆ ಬಿಳುಪು, ಬೆಳಕು. ನಾಲ್ಕೂ ದಿಕ್ಕು ತಿಳಿಯಾಗಿ ಕಾಣಲಿ ಎಂಬ ಅರ್ಥ. ದೇಹದ ಶಕ್ತಿ ಹರಿಯುತ್ತದೆ ಎಂದು ಈ ವೈದ್ಯ ಹೇಳುವ ದಾರಿಗಳಲ್ಲೊಂದಾದ ಜಠರ ನಾಡಿಯ 45 ಬಿಂದುಗಳಲ್ಲಿ ಇದು ಎರಡನೆಯದು. ಮೊದಲನೆಯ ಬಿಂದು ಚೆಂಗ್‌ಚಿ, ಕಣ್ಣುಗುಡ್ಡೆಗೂ ಕಣ್ಣುಗೂಡಿನ ಕೆಳಗಿನ ಎಲುಬಿಗೂ ನಡುವೆ ಇದೆ. ಎಡವಟ್ಟು ಆಗುವುದೇ ಇಲ್ಲಿ. ಸಿಬಾಯ್ ಎಂದುಕೊಂಡು ಬಹಳ ಜನ ಬೆರಳನ್ನು ಮೇಲಿಟ್ಟು ಕಣ್ಣುಗುಡ್ಡೆಯನ್ನೇ ಅದುಮುತ್ತಾರೆ. ಗುಡ್ಡೆಯನ್ನು ಜೋರಾಗಿ ಒತ್ತಿದರೆ ಹೃದಯ ಬಡಿತ ನಿಧಾನವಾಗಿ ತಲೆ ಸುತ್ತಲೂಬಹುದು.

ಹಂತ 1. ಕೈ ತೊಳೆಯಿರಿ, ಉಗುರು ಕತ್ತರಿಸಿ, ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ.

ಹಂತ 2. ಜಾಗ ಹುಡುಕುವುದು. ಇದಕ್ಕೆ ಅವಸರ ಬೇಡ. ಕನ್ನಡಿಯ ಮುಂದೆ ಕೂತು ನೇರ ನೋಡಿ. ಕಣ್ಣಪಾಪೆಯಿಂದ ಕೆಳಕ್ಕೆ ಒಂದು ಗೆರೆ ಇದೆ ಎಂದುಕೊಳ್ಳಿ. ಆ ಗೆರೆಯ ಮೇಲೆ ತೋರುಬೆರಳನ್ನು ಇಳಿಸುತ್ತ ಬಂದರೆ ಮೊದಲು ಸಿಗುವುದು ಕಣ್ಣುಗೂಡಿನ ಗಟ್ಟಿ ಎಲುಬಿನ ಅಂಚು. ಅಂಚನ್ನು ದಾಟಿ ಇನ್ನು ಅರ್ಧದಿಂದ ಒಂದು ಸೆಂಟಿಮೀಟರ್ ಕೆಳಗೆ ಬನ್ನಿ. ಅಲ್ಲಿ ಎಲುಬಿನಲ್ಲಿ ಸಣ್ಣ ತಗ್ಗು ಸಿಗುತ್ತದೆ. ಆ ತಗ್ಗಿನಲ್ಲಿರುವ ತೂತಿನ ಮೂಲಕ ಕೆನ್ನೆ, ಮೂಗಿನ ಪಕ್ಕ ಮತ್ತು ಮೇಲ್ದುಟಿಗೆ ಸ್ಪರ್ಶ ಕೊಡುವ ನರ ಹೊರಬರುತ್ತದೆ. ಹಾಗಾಗಿ ಸರಿಯಾದ ಜಾಗದಲ್ಲಿ ಒತ್ತಿದರೆ ಮಂದವಾದ ನೋವಿನ ಜೊತೆಗೆ ಮೇಲ್ದುಟಿಯವರೆಗೆ ನವಿರಾಗಿ ಜುಮ್ಮೆನ್ನಬಹುದು. ಬರೀ ಕೆನ್ನೆಯ ಮಾಂಸ ಮೆತ್ತಗೆ ಸಿಕ್ಕಿದರೆ ನೀವು ತೀರಾ ಕೆಳಗೆ ಬಂದಿದ್ದೀರಿ. ಕೆಳರೆಪ್ಪೆ ಜಗ್ಗಿ ಒಳಗಿನ ಕೆಂಪು ಕಂಡರೆ ತೀರಾ ಮೇಲಿದ್ದೀರಿ.

ಕನ್ನಡಿ ಇಲ್ಲದಾಗ, ಚೀನಾದ ಶಾಲೆಗಳ ಕಣ್ಣಿನ ವ್ಯಾಯಾಮದಲ್ಲಿ ಮಕ್ಕಳು ಕಲಿಯುತ್ತಿದ್ದ ಅಳತೆ ಬಳಸಿ. ತೋರುಬೆರಳು, ನಡುಬೆರಳು ಜೋಡಿಸಿ ಮೂಗಿನ ಎರಡೂ ಬದಿಗೆ ಒತ್ತಿ ಹಿಡಿಯಿರಿ. ಹೆಬ್ಬೆರಳು ಕೆಳದವಡೆಯ ತಗ್ಗಿನಲ್ಲಿ ಊರಿರಲಿ. ಈಗ ನಡುಬೆರಳನ್ನು ಮಾತ್ರ ಕೆಳಗಿಳಿಸಿ. ತೋರುಬೆರಳ ತುದಿ ನಿಂತ ಜಾಗವೇ ಸಿಬಾಯ್. ಬೆರಳು ದಪ್ಪಗಿದ್ದವರಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಕಣ್ಣಿನ ಕೆಳಗಿನ ಎಲುಬಿನ ತಗ್ಗು ತಡವಿ ಖಚಿತ ಮಾಡಿಕೊಳ್ಳಲೇಬೇಕು.

ಹಂತ 3. ಕಣ್ಣು ಮುಚ್ಚಿ, ಮೊಣಕೈ ಮೇಜಿಗೆ ಊರಿ, ತೋರುಬೆರಳ ಮೆತ್ತನೆ ಭಾಗದಿಂದ ಒತ್ತಿ. ಬೆರಳು ಚರ್ಮದ ಮೇಲೆ ಜಾರಬಾರದು. ಚರ್ಮವೂ ಬೆರಳೂ ಒಟ್ಟಿಗೆ ಎಲುಬಿನ ಮೇಲೆ ತಿರುಗಬೇಕು. ಸುತ್ತು ಕಡಲೆಕಾಳಿಗಿಂತ ದೊಡ್ಡದಾಗದಿರಲಿ. ಕೆನ್ನೆಯೆಲ್ಲ ಉಜ್ಜಿದರೆ ಮುಖ ಕೆಂಪಾಗುತ್ತದೆಯೇ ಹೊರತು ಬಿಂದುವಿಗೆ ಒತ್ತಡ ಬೀಳುವುದಿಲ್ಲ. ಎಂಟರ ಎಣಿಕೆ ಎಂಟು ಸಲ, ಎಣಿಕೆಗೊಂದು ಸುತ್ತು, ಒಟ್ಟು 64. ಒತ್ತಿದಾಗ ‘ಹಾ’ ಎನಿಸುವಷ್ಟು ಹದ ಸಾಕು. ಮುಖ ಕಿವುಚುವಂತಾದರೆ ಜಾಸ್ತಿಯಾಯಿತು. ದಿನಕ್ಕೆ ಎರಡು ಸಲ.

ಎಣ್ಣೆ ಹಚ್ಚಬೇಡಿ, ಬೆರಳು ಜಾರುತ್ತದೆ. ನೋವಿನ ಮುಲಾಮಂತೂ ಬೇಡವೇ ಬೇಡ, ಅದರ ಮೆಂಥಾಲ್ ಕಣ್ಣಿಗೆ ಹೋದರೆ ಉರಿ ತಡೆಯಲಾಗದು. ತುದಿ ಚೂಪಾದ ಲೋಹದ ‘ಅಕ್ಯುಪ್ರೆಷರ್ ಪೆನ್’ ಇಲ್ಲಿ ಅಪಾಯಕಾರಿ. ಕಣ್ಣಿಗೆ ಕಟ್ಟಿಕೊಳ್ಳುವ ಕಂಪಿಸುವ ಮಸಾಜ್ ಯಂತ್ರಗಳು ಗುಡ್ಡೆಯ ಮೇಲೇ ಕೂರುವುದಾದರೆ ಆ ದುಡ್ಡು ಉಳಿಸಿ. ಸೂಜಿ ಚುಚ್ಚುವುದು ತರಬೇತಿ ಪಡೆದ ಚಿಕಿತ್ಸಕರ ಕೆಲಸ. ಅವರೂ ಇಲ್ಲಿ ಆಳಕ್ಕೆ ಹೋಗುವುದಿಲ್ಲ, ಏಕೆಂದರೆ ತಗ್ಗಿನ ಒಳದಾರಿ ಕಣ್ಣುಗೂಡಿನ ಕಡೆಗೇ ತಿರುಗಿದೆ.

ಹಂತ 4. ಬೆರಳು ತೆಗೆದ ಮೇಲೂ ಒಂದು ನಿಮಿಷ ಕಣ್ಣು ಮುಚ್ಚಿರಿ. ಆಮೇಲೆ ಕಿಟಕಿಯಾಚೆ ದೂರದ್ದೇನನ್ನಾದರೂ ನೋಡಿ, ಹತ್ತು ಸಲ ಪೂರ್ತಿ ರೆಪ್ಪೆ ಬಡಿಯಿರಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಕಣ್ಣು ಒಣಗಿ ಉರಿಯುವುದಕ್ಕೆ ಅದೇ ದೊಡ್ಡ ಕಾರಣ. ಈ ಹಂತ ಬಿಟ್ಟರೆ ಒತ್ತಿದ್ದರಿಂದ ಸಿಕ್ಕ ಹಾಯಿ ಹೆಚ್ಚು ಹೊತ್ತು ಉಳಿಯದು.

ಇದರಿಂದ ಕನ್ನಡಕದ ನಂಬರ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೀನಾದ ಶಾಲೆಗಳಲ್ಲಿ 1963ರಿಂದ ಸಿಬಾಯ್ ಒತ್ತುವುದೂ ಸೇರಿದ ಕಣ್ಣಿನ ವ್ಯಾಯಾಮ ನಡೆದಿದೆ. ಆದರೂ ಅಲ್ಲಿನ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ವ್ಯಾಪಕವಾಗಿಯೇ ಇದೆ. ಮಕ್ಕಳಿಗೆ ದೋಷ ಬರುವುದನ್ನು ತಡೆಯಲು ಬಯಲಿನ ಬೆಳಕಿನಲ್ಲಿ ಆಟ ಬೇಕು; ದೋಷ ಬಂದ ಮೇಲೆ ಕನ್ನಡಕ ಬೇಕು. ಪೊರೆಗೂ ಗ್ಲಾಕೋಮಾಕ್ಕೂ ಸಿಬಾಯ್ ಮದ್ದಲ್ಲ.

ಕಣ್ಣುಬೇನೆ, ಕಣ್ಣುಕುಟಿಗೆ, ಸೈನಸ್ ಊತ, ಮೇಲ್ದವಡೆಯ ಹಲ್ಲಿನ ಕೀವು ಇದ್ದಾಗ ಒತ್ತಬೇಡಿ. ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಹೇಳುವವರೆಗೆ ಕಾಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬಲವಾಗಿ ಒತ್ತಿದ ಜಾಗ ಕಪ್ಪುಗಟ್ಟಬಹುದು. ಮುಖದ ಒಂದೇ ಬದಿಗೆ ಕರೆಂಟ್ ಹೊಡೆದಂತೆ ನೋವು ಬರುವವರು ಈ ಬಿಂದುವನ್ನು ಮುಟ್ಟಲೇಬಾರದು, ಅದೇ ನರದ ದಾರಿಯಲ್ಲಿ ನೋವು ಕೆರಳುತ್ತದೆ. ದೃಷ್ಟಿ ದಿಢೀರ್ ಮಂಜಾದರೆ, ಮಿಂಚು ಹೊಡೆದಂತೆ ಕಂಡರೆ, ಕಣ್ಣುನೋವಿನ ಜೊತೆ ವಾಂತಿ ಬಂದರೆ ಬೆರಳನ್ನು ಪಕ್ಕಕ್ಕಿಟ್ಟು ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ.